ಅಂಚಿಲ್ಲದ ಕಾರ್ಪೆಟ್ಟು

ಮಾನ್ವಿಯ ಗಡಿಗೆಪ್ಪನವರ ಮನೆಯ ಪಡಸಾಲೆಗೆ ಶಹಾಬಾದಿ ಫರ್ಸಿ ಹಾಸಿತ್ತು. ಅಕ್ಕಿ ಗಿರಣಿ ಕಟ್ಟಿಸಿದ ವರ್ಷವೇ ಗಡಿಗೆಪ್ಪನ ತಂದೆ ಹಾಕಿಸಿದ್ದು. ಅಗಲವಾದ ಬೂದು ಕಲ್ಲುಗಳು, ನಡುವೆ ಸಿಮೆಂಟಿನ ಸಂದು. ಹೊಸಬರ ಕಣ್ಣಿಗೆ ಅದು ಬರೀ ನೆಲ. ಬಂದುಹೋಗಿ ರೂಢಿಯಿದ್ದವರಿಗೆ ಮಾತ್ರ ಅದೇ ಊರಿನ ನಕಾಶೆ. ಶನಿವಾರ ಪಗಾರಕ್ಕೆ ಬರುವ ಹಮಾಲರು ಹೊಸ್ತಿಲು ದಾಟಿ ಮೊದಲ ಸಾಲಿನ ಕಲ್ಲಿನ ಮೇಲೆ ನಿಲ್ಲುವರು, ಕೂಡುವುದಿಲ್ಲ. ನೆಲ್ಲು ತಂದ ರೈತರು ಅಲ್ಲಿಂದ ಒಂದೆರಡು ಸಾಲು ಮುಂದೆ ಬಂದು ಕುಕ್ಕರುಗಾಲಲ್ಲಿ ಕೂಡುವರು. ದಲಾಲಿ ಅಂಗಡಿಯವರಿಗೆ ಕಂಬದವರೆಗೂ ಬರುವ ಹಕ್ಕು. ಅಯ್ಯನವರು, ಬೀಗರು ಕಂಬ ದಾಟಿ ತೂಗುಮಂಚದ ಹತ್ತಿರ. ಸೊಸೆಯಾದವಳು ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೊನೆಯ ಸಾಲಿನಲ್ಲಿ.

ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ತೂಗುಮಂಚದ ಮೇಲೆ ಗಡಿಗೆಪ್ಪನ ತಾಯಿ ನೀಲಗಂಗಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೂತಿರುತ್ತಿದ್ದಳು. ಬಂದವರ ಮುಖವನ್ನಲ್ಲ, ಕಾಲನ್ನು ನೋಡುತ್ತಿದ್ದಳು. ಆ ನೋಟ ಬಿದ್ದ ಕಡೆ ಕಾಲು ತಾನಾಗಿ ನಿಲ್ಲುತ್ತಿತ್ತು. "ನಾ ಯಾರಿಗೂ ದೂರ ಕುಂದ್ರು ಅಂದಾಕಿ ಅಲ್ಲ" ಎಂದು ಆಕೆ ಹೆಮ್ಮೆಯಿಂದ ಹೇಳುತ್ತಿದ್ದಳು. ಅದು ನಿಜವೂ ಆಗಿತ್ತು. ಬಿಸಿಲಲ್ಲಿ ಚೀಲ ಹೊತ್ತು ದಣಿದ ಹಮಾಲರಿಗೆ ತಾನೇ ಎದ್ದು ಹೋಗಿ, ಮೇಲಿನಿಂದ, ತಂಬಿಗೆಯಿಂದ ಬೊಗಸೆಗೆ ಮಜ್ಜಿಗೆ ಹೊಯ್ಯುತ್ತಿದ್ದಳು. ಹೊಯ್ಯುವುದರಲ್ಲಿ ಎಂದೂ ಕೈ ಹಿಡಿದವಳಲ್ಲ.

ಸೊಸೆ ಹಂಪಮ್ಮ ದೇವದುರ್ಗದವಳು. ಏಳನೆಯ ಇಯತ್ತೆಯಲ್ಲಿ ಶಾಲೆಗೇ ಮೊದಲಿಗಳಾಗಿದ್ದಳು. ಅದೇ ಬೇಸಿಗೆಯಲ್ಲಿ ಮದುವೆಯಾಯಿತು. ಮಕ್ಕಳು ದೊಡ್ಡವರಾಗಿ ರಾಯಚೂರಿನ ಹಾಸ್ಟೆಲ್ಲು ಸೇರಿದ ಮೇಲೆ, ಅವಳಿಗೆ ಮಧ್ಯಾಹ್ನಗಳು ಉದ್ದವಾದವು. ಮೆಟ್ರಿಕ್ ಪರೀಕ್ಷೆಯನ್ನು ಮನೆಯಲ್ಲೇ ಓದಿ ಕಟ್ಟಬಹುದು ಎಂದು ಯಾರೋ ಅಂದದ್ದು ಕಿವಿಗೆ ಬಿದ್ದದ್ದೇ ತಡ, ಆ ಆಸೆ ಅವಳೊಳಗೆ ಹೊಕ್ಕು ಕೂತಿತು. ಒಲೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಮುಂದೆ, ಜಪದಂತೆ ಅದೊಂದೇ: ಮುಂದಿನ ಮಾರ್ಚಿಗೆ ಪರೀಕ್ಷೆಗೆ ಕೂಡಬೇಕು.

ಗಡಿಗೆಪ್ಪ ಕೆಟ್ಟವನಲ್ಲ. ಹೊಸದೇನಾದರೂ ತನ್ನ ಮನೆಯಲ್ಲಿ ಮೊದಲು ನಡೆಯಬೇಕೆಂಬ ಹುಕಿ ಅವನಿಗೆ. "ಓದು, ಓದು. ಗಿರಣಿ ಸಾವ್ಕಾರನ ಹೆಂಡ್ತಿ ಮೆಟ್ರಿಕ್ ಅಂದ್ರ ನನಗೂ ಒಂದು ತೂಕ. ಖರೇ, ನೀ ಯಾರ ಮನಿಗೂ ಹೋಗೂದು ಬ್ಯಾಡ. ಕಲಸೋರು ನಮ್ಮ ಮನಿಗೇ ಬರ್ಲಿ" ಎಂದ.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಮತ್ತು ಇಂಗ್ಲಿಷ್ ಎರಡನ್ನೂ ಕಲಿಸುವವಳು ಗೋಪಮ್ಮ ಟೀಚರ್ ಒಬ್ಬಳೇ. ಮಸರಕಲ್ಲಿನ ಕೂಲಿ ಮಾಡುವ ಮಾನಮ್ಮನ ಮಗಳು. ರಾಯಚೂರಿನಲ್ಲಿ ಓದಿ, ಆ ಜೂನಿನಲ್ಲೇ ಮಾನ್ವಿಗೆ ನೌಕರಿಯ ಮೇಲೆ ಬಂದಿದ್ದಳು. ಹಂಪಮ್ಮ ಶಾಲೆಗೆ ಹೋಗಿ ಕೇಳಿದಾಗ ಗೋಪಮ್ಮ ನಗಲಿಲ್ಲ, "ಈ ವಯಸ್ಸಿನಾಗ ಯಾಕ್ರಿ" ಅನ್ನಲಿಲ್ಲ. "ಏಳನೇತ್ತಿನಾಗ ಲೆಕ್ಕದಾಗ ಎಷ್ಟು ಬಂದಿತ್ತು?" ಎಂದಷ್ಟೇ ಕೇಳಿದಳು. ಆ ಪ್ರಶ್ನೆ ಕೇಳಿದವರು ಆವರೆಗೆ ಯಾರೂ ಇರಲಿಲ್ಲ.

ಮರುದಿನ ಸಂಜೆ ಗೋಪಮ್ಮ ಬಂದಳು. ಹೊಸ್ತಿಲು ದಾಟಿ ಮೊದಲ ಸಾಲಿನ ಮೇಲೆ ನಿಂತಳು. ನೀಲಗಂಗಮ್ಮ ಕಾಲು ನೋಡಿದಳು.

"ಯಾವೂರವ್ವ?"

"ಮಸರಕಲ್ರಿ."

"ಯಾರ ಪೈಕಿ?"

"ಊರಾಚಿ ಕೇರಿಯವ್ರು. ಕೂಲಿ ಮಾನಮ್ಮನ ಮಗಳು."

ನೀಲಗಂಗಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತೀರಾ ಅಕ್ಕರೆಯಿಂದ ಅಂದಳು: "ಅಲ್ಲೇ ಬಾಗಲ ಬಲ್ಲಿ ಗಾಳಿ ಚಂದ ಬರ್ತದ ನೋಡು. ಅಲ್ಲೇ ಕುಂದ್ರು ನನ್ನವ್ವ."

ಹಂಪಮ್ಮ ಅಡಿಗೆಮನೆಯ ಬಾಗಿಲಲ್ಲಿ ಪಾಟಿ ಹಿಡಿದು ನಿಂತಿದ್ದಳು. ಬಾಯಿ ತೆರೆಯಬೇಕೆಂದುಕೊಂಡಳು, ಬಾಯಿ ಬರಲಿಲ್ಲ. ಈ ಮನೆಗೆ ಬಂದಂದಿನಿಂದ ಅತ್ತೆಗೆ ಎದುರಾಡಿ ಅದಕ್ಕೆ ರೂಢಿಯೇ ಇರಲಿಲ್ಲ.

ಗೋಪಮ್ಮ ಕೂಡಲಿಲ್ಲ. ಹಂಪಮ್ಮನಿಗೆ ಮುಜುಗರವಾಗದಂತೆ, "ಇವತ್ತು ಬರೇ ಮನಿ ನೋಡಾಕ ಬಂದೀನ್ರಿ" ಎಂದು ಹೊರಟಳು. ಬಾಗಿಲವರೆಗೂ ಬಂದ ಹಂಪಮ್ಮನಿಗೆ ಮಾತ್ರ ಕೇಳುವಂತೆ ಹೇಳಿದಳು: "ಅಕ್ಕಾರ, ನೀವು ಆ ತುದಿ, ನಾ ಈ ತುದಿ. ಇಷ್ಟು ದೂರದಿಂದ ಲೆಕ್ಕ ಒಗದ್ರ ನಿಮಗ ಮುಟ್ಟಂಗಿಲ್ಲ. ಬಾಜು ಕೂಡೋ ಜಾಗ ಆದ ದಿನ ಹೇಳಿ ಕಳಸ್ರಿ, ಬರ್ತೀನಿ."

ಸಿಟ್ಟಿನಿಂದ ಅಂದಿದ್ದರೆ ಅಳುವುದು ಸುಲಭವಾಗುತ್ತಿತ್ತು. ಅಷ್ಟು ಮೆತ್ತಗೆ ಅಂದದ್ದಕ್ಕೆ ಹಂಪಮ್ಮನಿಗೆ ರಾತ್ರಿ ಊಟ ಸೇರಲಿಲ್ಲ.

ಅತ್ತೆಯ ಎದುರು ಮಾತಾಡುವುದು ಸಾಧ್ಯವಿಲ್ಲ. ಗಂಡನಿಗೆ ಹೇಳಿದರೆ "ಹೆಂಗಸ್ರ ಪಂಚಾಯ್ತಿ ನನ್ನ ಬಲ್ಲಿ ತರಬ್ಯಾಡ" ಅನ್ನುತ್ತಾನೆ. ಹಾಗಾದರೆ ಉಳಿದದ್ದು ನೆಲ. ಮಾರನೆಯ ದಿನ ಕಸ ಹೊಡೆಯುತ್ತ ಹಂಪಮ್ಮ ಆ ಸಂದುಗಳನ್ನೇ ನೋಡಿದಳು. ಅತ್ತೆಯ ಕಣ್ಣಿಗೆ ಬಲ ಇರುವುದು ಈ ಗೆರೆಗಳಿಂದ. ಗೆರೆಯೇ ಕಾಣದಿದ್ದರೆ?

ಆ ವಾರವೇ ಗಡಿಗೆಪ್ಪ ಗಿರಣಿ ಮಾಲೀಕರ ಸಭೆಗೆಂದು ಹೈದರಾಬಾದಿಗೆ ಹೋಗಿಬಂದಿದ್ದ. ಅಲ್ಲಿಯ ಹೋಟೆಲ್ಲಿನಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು ಹಾಸಿತ್ತಂತೆ. "ಕಾಲಿಟ್ರ ಬೆಕ್ಕಿನ ಮ್ಯಾಲ ಇಟ್ಟಂಗ ಆತು ನೋಡು" ಎಂದು ಉಣ್ಣುತ್ತ ಹತ್ತು ಸಲ ಹೇಳಿದ. ಹಂಪಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಮಾನ್ವಿಯಾಗ ಯಾರ ಮನ್ಯಾಗೂ ಇಲ್ಲ ಬಿಡ್ರಿ ಅಂಥಾದ್ದು" ಎಂದಳು. ಹಾಗಂದು ಸುಮ್ಮನೆ ಒಳಗೆ ಹೋದಳು. ಉಳಿದದ್ದನ್ನು ಗಡಿಗೆಪ್ಪನ ಹುಕಿ ನೋಡಿಕೊಂಡಿತು.

ರಾಯಚೂರಿನ ತೀನ್ ಕಂದೀಲು ಚೌಕದ ಹತ್ತಿರ ಮೌಲಾಹುಸೇನನ ಅಂಗಡಿ. ಗಂಡಹೆಂಡತಿ ಇಬ್ಬರೂ ಬೆಳಗಿನ ಬಸ್ಸಿಗೆ ಹೋದರು. ಮೌಲಾಹುಸೇನ ನೀರು ಕೊಟ್ಟು, ಹಂಪಮ್ಮನ ಕಡೆ ಫ್ಯಾನು ತಿರುಗಿಸಿ, ಆಮೇಲೆ ಮಾಲು ತೆಗೆದ.

ಮೊದಲು ಬಿಚ್ಚಿದ್ದು ಲಿನೋಲಿಯಮ್ಮಿನ ಸುರುಳಿ. ಮೇಲೆ ಸಾಗವಾನಿ ಹಲಿಗೆ ಜೋಡಿಸಿದ ಚಿತ್ರ. "ಸಾವ್ಕಾರ್ರ, ಇದು ಬಿಲ್ಕುಲ್ ಕಟ್ಟಿಗಿ ನೆಲ ಇದ್ದಂಗ. ಒದ್ದಿ ಅರಿವಿಲೆ ಒರೆಸಿದ್ರ ಮುಗೀತು. ನಿಮ್ಮ ಮನಿ ಗಿರಣಿ ಬಾಜು ಅದ, ಹೊಟ್ಟು ಹಾರಿ ಬರ್ತದ. ನಿಮಗ ಇದೇ ಚೊಲೋ."

ಅದು ಪ್ರಾಮಾಣಿಕ ಸಲಹೆಯಾಗಿತ್ತು. ಅಂಗಡಿಗೆ ಲಾಭ ಕಡಿಮೆಯಾಗುವ ಮಾಲನ್ನು ಮೊದಲು ತೋರಿಸುವ ವ್ಯಾಪಾರಿಗಳು ಆಗಲೂ ಹೆಚ್ಚಿರಲಿಲ್ಲ.

"ಕಟ್ಟಿಗಿ ನೆಲ ಅಂದ್ರ ಅಟ್ಟ ಅಲ್ಲೇನು? ನಮ್ಮನ್ನ ಅಟ್ಟದ ಮ್ಯಾಲ ಕುಂದ್ರಸ್ತೀಯಾ?" ಎಂದ ಗಡಿಗೆಪ್ಪ.

ಹಂಪಮ್ಮ ಹತ್ತಿರ ಬಂದು ಹಲಿಗೆಗಳ ನಡುವಿನ ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿದಳು. ಕಲ್ಲಿನ ಗೆರೆ ಹೋಗಿ ಕಟ್ಟಿಗೆಯ ಗೆರೆ ಬಂದ ಹಾಗಾಯಿತು. ಅತ್ತೆಗೆ ಎರಡೇ ದಿನ ಸಾಕು, ಹಲಿಗೆಗೆ ಒಬ್ಬೊಬ್ಬರನ್ನು ಹಂಚಿಬಿಡುತ್ತಾಳೆ.

"ಬ್ಯಾಡ್ರಿ. ಗೆರಿ ಭಾಳ ಅದಾವ" ಎಂದಳು.

ಮೌಲಾಹುಸೇನ ಕೆಂಪು ಗಾಲೀಚ ಬಿಚ್ಚಿದ. ನಡುವೆ ದೊಡ್ಡ ಹೂವು, ಸುತ್ತಲೂ ಬಳ್ಳಿಯ ಅಂಚು, ಅಂಚಿನಾಚೆ ಇನ್ನೊಂದು ಅಂಚು. ಗಡಿಗೆಪ್ಪನ ಕಣ್ಣು ಅರಳಿದವು. "ಇದು ನೋಡು ಮಾಲು! ಹೂವಿನ ಮ್ಯಾಲ ನಾ ಕೂಡ್ತೀನಿ..."

"ಅಂಚಿನ ಮ್ಯಾಲ ಯಾರು ಕೂಡ್ತಾರ?" ಹಂಪಮ್ಮನ ಬಾಯಿಂದ ಬಂದೇಬಿಟ್ಟಿತು. ಗಂಡ ತಿರುಗಿ ನೋಡಿದ. ಅವಳು ಕೂಡಲೇ ಸೆರಗು ಸರಿಮಾಡಿಕೊಂಡು, "ಹೈದರಾಬಾದಿನ ಹೋಟೆಲ್ದಾಗ ಅಂಚಿತ್ತೇನ್ರಿ?" ಎಂದು ಕೇಳಿದಳು.

ಗಡಿಗೆಪ್ಪ ನೆನಪಿಸಿಕೊಂಡ. ಇರಲಿಲ್ಲ. ಗೋಡೆಯಿಂದ ಗೋಡೆಗೆ ಒಂದೇ ಬಣ್ಣ. ಅಲ್ಲಿಗೆ ಅಂಚಿನ ಗಾಲೀಚ ಹಳ್ಳಿಯವರ ಮಾಲಾಯಿತು.

ಕೊನೆಗೆ ಆರಿಸಿದ್ದು ಕಂದು ಬಣ್ಣದ್ದು. ಹೂವಿಲ್ಲ, ಬಳ್ಳಿಯಿಲ್ಲ, ಅಂಚಿಲ್ಲ. ಗೋಡೆಯಿಂದ ಗೋಡೆಗೆ ಅಳತೆ ಮಾಡಿ ಕತ್ತರಿಸಿ, ಅಂಟು ಹಚ್ಚಿ ಕೂಡಿಸುವಂಥದ್ದು. ಮೌಲಾಹುಸೇನ ಕೈಮುಗಿದು ಹೇಳಿದ: "ಅಮ್ಮಾ, ಒಂದು ಮಾತು. ಇದಕ್ಕ ನೀರು ದುಶ್ಮನ್. ದಿನಾ ಬ್ರಶ್ ಹಾಕ್ರಿ, ಒಂದೇ ದಿಕ್ಕಿಗೆ. ಚಾ ಬಿದ್ರ ತಿಕ್ಕಬ್ಯಾಡ್ರಿ, ಒಣ ಅರಿವಿ ಇಟ್ಟು ಒತ್ರಿ. ಮೂಲ್ಯಾಗ ಬೇವಿನ ತಪ್ಪಲ ಇಡ್ರಿ, ಹುಳ ಬರಂಗಿಲ್ಲ. ಮಣ್ಣಿನ ಕಾಲು, ಎಣ್ಣಿ ಕಾಲು ಇದರ ಮ್ಯಾಲ ಬರಬಾರದು."

ಗಡಿಗೆಪ್ಪ ಇದನ್ನು ಬಸ್ಸಿನಲ್ಲಿ ಮಾನ್ವಿ ಬರುವವರೆಗೂ ಮಂತ್ರದಂತೆ ಬಾಯಿಪಾಠ ಮಾಡಿದ. ಅವನು ಏನನ್ನಾದರೂ ಬಾಯಿಪಾಠ ಮಾಡಿದರೆ ಅದು ಮನೆಯವರಿಗೆ ಕಾಯಿದೆಯಾಗುತ್ತದೆಂಬುದು ಹಂಪಮ್ಮನಿಗೆ ಗೊತ್ತಿತ್ತು. ಆದರೆ ಆ ಕಾಯಿದೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಆಗ ಹೊಳೆಯಲಿಲ್ಲ.

ಕಾರ್ಪೆಟ್ಟು ಕೂತ ದಿನ ನೀಲಗಂಗಮ್ಮ ತೂಗುಮಂಚದಿಂದ ಬಗ್ಗಿ ನೋಡಿದಳು. "ಯಪ್ಪಾ ಗಡಿಗೆಪ್ಪ, ನೆಲ ಎಲ್ಲಿ ಹೋತೋ?"

"ಕೆಳಗ ಅದ ಯವ್ವಾ."

"ಇದ್ರೇನು, ಕಾಣವಲ್ದಲ್ಲ!"

ಆ ಶನಿವಾರ ಪಗಾರಕ್ಕೆ ಸುಂಕಪ್ಪ ಬಂದ. ಗಿರಣಿಯ ಹಮಾಲರಲ್ಲೇ ಹಿರಿಯ, ತಲೆ ಎತ್ತಿ ನಡೆದವನಲ್ಲ. ಹೊಸ್ತಿಲು ದಾಟಿ, ತನ್ನ ಕಲ್ಲಿಗಾಗಿ ಕಾಲಿನಿಂದ ತಡಕಿದ. ಸಿಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ತಲೆ ತಗ್ಗಿಸಿಕೊಂಡೇ ನಡೆದ. ಮೊಣಕಾಲಿಗೆ ತೂಗುಮಂಚ ತಗುಲಿದಾಗಲೇ ನಿಂತದ್ದು.

ನೀಲಗಂಗಮ್ಮ ಕಾಲು ಮೇಲಕ್ಕೆ ಎಳೆದುಕೊಂಡಳು. "ಏ ಸುಂಕ್ಯಾ! ಎಲ್ಲಿಗೆ ಹೊಂಟಿ?"

"ತಪ್ಪಾತ್ರಿ ಯವ್ವಾ. ನಿಂದ್ರೋ ಜಾಗ ಸಿಗವಲ್ದು" ಎಂದ ಸುಂಕಪ್ಪ, ನಿಜವಾಗಿಯೂ ಗಾಬರಿಯಾಗಿ.

ಬಾಗಿಲ ಮರೆಯಲ್ಲಿ ಹಂಪಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತನ್ನ ಉಪಾಯ ಫಲಿಸಿತೆಂದುಕೊಂಡಳು. ಆದರೆ ಗಡಿಗೆಪ್ಪ ನೋಡಿದ್ದು ಬೇರೆ. ಬಾಗಿಲಿಂದ ತೂಗುಮಂಚದವರೆಗೆ ಹೊಸ ಕಾರ್ಪೆಟ್ಟಿನ ಮೇಲೆ ಗಿರಣಿಯ ಎಣ್ಣೆ, ತೌಡು ಮೆತ್ತಿದ ಹೆಜ್ಜೆಯ ಡಾಗುಗಳು ಸಾಲಾಗಿ ಮೂಡಿದ್ದವು.

ಅಂದೇ ಕಾಯಿದೆ ಹೊರಟಿತು. ಕಾರ್ಪೆಟ್ಟಿನ ಮೇಲೆ ಯಾರೂ ಬರುವಂತಿಲ್ಲ. ಯಾರೂ ಅಂದರೆ ಯಾರೂ. ಪಗಾರ ಗಿರಣಿಯಲ್ಲೇ. ರೈತರು ಕಟ್ಟೆಯ ಮೇಲೆ. ದಲಾಲಿ ಅಂಗಡಿಯವರು ಬಂದಾಗ ಗಡಿಗೆಪ್ಪನೇ ಓಡಿ ಹೋಗಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ, ಅವರು ಒಳಗೆ ಬರುವ ಮುಂಚೆ. "ನಿಮ್ಮ ಕಾರ್ಪೆಟ್ಟು ಚಂದ ಅದಂತಲ್ರಿ?" ಎಂದರೆ ಬಾಗಿಲಿನಿಂದಲೇ ದರ್ಶನ ಮಾಡಿಸುತ್ತಿದ್ದ, ಗರ್ಭಗುಡಿಯ ಹಾಗೆ.

ಮಠದ ಶರಣಯ್ಯನವರು ಬಂದ ದಿನ ಅವನಿಗೆ ಕಷ್ಟವಾಯಿತು. ಅಯ್ಯನವರ ಕಾಲಿಗೆ ದಾರಿಯ ಕೆಂಪು ಧೂಳು. ಗಡಿಗೆಪ್ಪ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡ. ಶರಣಯ್ಯನವರು ಒಮ್ಮೆ ಅವನ ಮುಖ, ಒಮ್ಮೆ ಕಾರ್ಪೆಟ್ಟು ನೋಡಿ, "ಹೊಸ್ತಿಲ ದಾಟಾಕ ಮೊಣಕಾಲು ನೋಯ್ತಾವಪ್ಪ. ಇಲ್ಲೇ ಕಟ್ಟಿಮ್ಯಾಲ ಹಿತ ಅದ" ಎಂದು ಕೂತೇಬಿಟ್ಟರು. ಅವರ ಮೊಣಕಾಲು ಗಟ್ಟಿಯಾಗಿಯೇ ಇದ್ದವು.

ಉಳಿದವಳು ನೀಲಗಂಗಮ್ಮ. ಎಲೆಯ ರಸ, ಸುಣ್ಣ, ಅಡಿಕೆಯ ಚೂರು ತೂಗುಮಂಚದಿಂದ ಕೆಳಗೆ ಬೀಳುತ್ತಿದ್ದವು. ಗಡಿಗೆಪ್ಪ ತಾಯಿಯ ಮುಂದೆ ಕುಕ್ಕರಿಸಿ, "ಯವ್ವಾ, ಎಲಿ ಹಾಕ್ಕೊಳೋದು ಹೊರಗ ಹಾಕ್ಕೋ. ಬರೋವಾಗ ಕಾಲು ತೊಳಕೊಂಡು ಒರೆಸಿಕೊಂಡು ಬಾ" ಎಂದ.

"ನನ್ನ ಗಂಡ ಕಟ್ಟಿಸಿದ ಮನ್ಯಾಗ ನನ್ನ ಕಾಲಿಗೆ ಮೈಲಿಗಿ ಹತ್ತೇತೇನೋ?"

"ಮೈಲಿಗಿ ಅಲ್ಲವ್ವ. ಡಾಗು."

ನೀಲಗಂಗಮ್ಮ ಎಲೆಯ ಡಬ್ಬಿ ತೆಗೆದುಕೊಂಡು ಎದ್ದವಳು ಕಟ್ಟೆಗೆ ಹೋಗಿ ಕೂತಳು. ದಿನವಿಡೀ ಅಲ್ಲೇ.

ಹಂಪಮ್ಮ ಗೋಪಮ್ಮನಿಗೆ ಹೇಳಿ ಕಳಿಸಿದ್ದು ಆಗ. ಗೋಪಮ್ಮ ಶಾಲೆ ಬಿಟ್ಟವಳು ಹಾಗೇ ಬಂದಳು. ಹುಡುಗಿಯರಿಗೆ ಡ್ರಿಲ್ ಮಾಡಿಸುವ ಹೊಣೆಯೂ ಅವಳದೇ ಆದ್ದರಿಂದ ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಕಟ್ಟೆಯ ಕೆಳಗೆ ಬೂಟು ಕಳಚಿದಾಗ ಒಳಗೆ ಬಿಳಿ ಸಾಕ್ಸು, ಒಗೆದು ನೀಲಿ ಹಾಕಿದ್ದು. ಗಡಿಗೆಪ್ಪ ಬಾಗಿಲಲ್ಲೇ ಕಾವಲಿದ್ದ. ಆ ಕಾಲುಗಳನ್ನು ನೋಡಿ ಅವನ ಮುಖ ಬೆಳಗಿತು.

"ಬರ್ರಿ ಟೀಚರಮ್ಮ, ಬರ್ರಿ! ಒಳಗ ಬರ್ರಿ! ಹಂಪಿ, ನೋಡು, ಕಾಲು ಅಂದ್ರ ಹಿಂಗಿರಬೇಕು."

ಊರಿನಲ್ಲಿ ಆ ಕಾರ್ಪೆಟ್ಟಿನ ಮೇಲೆ ಮನೆಯ ಯಜಮಾನನ ಒಪ್ಪಿಗೆಯಿಂದ ನಡೆದ ಮೊದಲ ಹೊರಗಿನ ಕಾಲು ಅದು. ಕಟ್ಟೆಯಿಂದ ನೀಲಗಂಗಮ್ಮನ ದನಿ ಬಂತು: "ಅಕಿ ಒಳಗ, ನಾ ಹೊರಗ. ಭಾಳ ಚಂದ ಆತು."

"ನೀನೂ ಸಾಕ್ಸ್ ಹಾಕ್ಕೋ ಯವ್ವಾ, ತರ್ತೀನಿ."

"ಸುಡುಗಾಡಿಗೆ ಒಯ್ಯೋವಾಗ ಹಾಕು."

ಪಾಠ ಶುರುವಾಯಿತು. ಗಿರಣಿಯ ಹೊಟ್ಟು ಕಿಟಕಿಯಿಂದ ಹಾರಿ ಬಂದು ಕಾರ್ಪೆಟ್ಟಿನ ನಾರಿನೊಳಗೆ ಹೊಕ್ಕು ಕೂಡುತ್ತಿತ್ತು. ಬ್ರಶ್ಶಿಗೆ ಬರುತ್ತಿರಲಿಲ್ಲ, ಉಗುರಿನಿಂದ ಒಂದೊಂದೇ ಆರಿಸಬೇಕು. ಹಂಪಮ್ಮ ಹೊಟ್ಟು ಆರಿಸುತ್ತ ಬೀಜಗಣಿತ ಹೇಳುತ್ತಿದ್ದಳು. ಗೋಪಮ್ಮ ಬಾಜು ಕೂತು ತಾನೂ ಆರಿಸುತ್ತ ತಿದ್ದುತ್ತಿದ್ದಳು. ಮೈಗೆ ಮೈ ತಗುಲುವಷ್ಟು ಹತ್ತಿರ. ಚಹಾ ಕೊಡುವ ಹಾಗಿರಲಿಲ್ಲ, ಬಿದ್ದರೆ ಡಾಗು. ಆದ್ದರಿಂದ ಯಾವ ಲೋಟದಲ್ಲಿ ಕೊಡಬೇಕೆಂಬ ಪ್ರಶ್ನೆಯೂ ಏಳಲಿಲ್ಲ. ಕಾರ್ಪೆಟ್ಟು ಎಲ್ಲವನ್ನೂ ನುಂಗಿಕೊಂಡಿತ್ತು.

ಪಾಠ ಮುಗಿಸಿ ಹೋಗುವಾಗ ಗೋಪಮ್ಮ ಕಟ್ಟೆಯ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಬಿಸಿಲು ಸರಿದು ಮುದುಕಿಯ ಮುಖದ ಮೇಲೆ ಬಂದಿದ್ದರೆ, ಏನೂ ಅನ್ನದೆ, ಬಾಗಿಲಿಗೆ ಕಟ್ಟಿದ ಗೋಣಿತಟ್ಟಿನ ಪರದೆಯನ್ನು ಆ ಕಡೆಗೆ ಇಳಿಬಿಟ್ಟು ಹೋಗುತ್ತಿದ್ದಳು. ನೀಲಗಂಗಮ್ಮ ಆ ನೆರಳಿಗೆ ಸರಿದು ಕೂಡುತ್ತಿದ್ದಳು. ಮನೆಯವರಿಗೆ ಯಾರಿಗೂ ಅದು ಹೊಳೆದಿರಲಿಲ್ಲ ಎಂಬುದು ಹಂಪಮ್ಮನಿಗೆ ನಾಚಿಕೆಯ ಸಂಗತಿಯಾಗಿ ಕಂಡಿತು.

ಒಂದು ಸಂಜೆ ಲೆಕ್ಕ ಬೇಗ ಮುಗಿದಿತ್ತು. ಗೋಪಮ್ಮ ಕಾರ್ಪೆಟ್ಟು ಸವರುತ್ತ, "ಹೂವಿಲ್ಲ, ಅಂಚಿಲ್ಲ. ಸಾವ್ಕಾರ್ರು ಇಂಥಾದ್ದು ಹೆಂಗ ಆರಿಸಿದ್ರು?" ಎಂದು ನಕ್ಕಳು.

ಹಂಪಮ್ಮನಿಗೆ ತಡೆಯಲಾಗಲಿಲ್ಲ. ತನ್ನ ಜಾಣತನವನ್ನು ಯಾರಿಗಾದರೂ ಹೇಳದಿದ್ದರೆ ಅದು ಜಾಣತನ ಹೇಗಾದೀತು? ಕಲ್ಲಿನ ಗೆರೆ, ಅತ್ತೆಯ ಕಣ್ಣು, ಅಂಗಡಿಯಲ್ಲಿ ಗಂಡನನ್ನು ತಿರುಗಿಸಿದ್ದು, ಎಲ್ಲ ಹೇಳಿದಳು. "ನಿಮ್ಮ ಸಲುವಾಗೇ ಹಾಕ್ಸೀನ್ರಿ ಟೀಚರ. ಗೆರಿನೇ ಇಲ್ಲದಂಗ ಮಾಡಿದೆ!" ಎಂದು ಮೆಚ್ಚುಗೆಗಾಗಿ ಕಾದಳು.

ಗೋಪಮ್ಮ ಆರಿಸಿದ ಹೊಟ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಅಂದ್ರ ನೀವು ನನ್ನನ್ನ ಕರದಿಲ್ಲ ಅಕ್ಕಾರ. ಗೆರಿ ಮುಚ್ಚೀರಿ" ಎಂದಳು. "ಒಳಗ ಬರ್ರಿ ಅನ್ನೋ ಮಾತಿಗೆ ಇಷ್ಟು ದೊಡ್ಡ ಅರಿವಿ ಬೇಕಾಗಿತ್ತೇನು?"

"ಅತ್ತಿ ಮುಂದ ನನಗ ಬಾಯಿ ಬರಂಗಿಲ್ಲ ಟೀಚರ..."

"ಗೊತ್ತದ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ಅರಿವಿ ಎಷ್ಟು ದಿನ ಬಾಳ್ತದ? ಇದನ್ನ ತಗದ ದಿನ ನಾ ಎಲ್ಲಿ ಕೂಡ್ಲಿ? ಅದನ್ನ ವಿಚಾರ ಮಾಡಿ ಹೇಳಿ ಕಳಸ್ರಿ."

ಅವಳು ಎದ್ದು ಹೋಗಿ ಬೂಟಿನ ಲಾಡಿ ಕಟ್ಟಿಕೊಂಡಳು. ತಟ್ಟು ಇಳಿಬಿಡುವುದನ್ನು ಮಾತ್ರ ಆ ದಿನವೂ ಮರೆಯಲಿಲ್ಲ. ಮರುದಿನ ಬರಲಿಲ್ಲ. ಅದರ ಮರುದಿನವೂ.

ಹಂಪಮ್ಮ ಒಬ್ಬಳೇ ಕೂತು ಪುಸ್ತಕ ತೆರೆದಳು. ಅಕ್ಷರಗಳು ಕಂಡವು, ತಲೆಗೆ ಹತ್ತಲಿಲ್ಲ. ಮಾರ್ಚ್ ದೂರವಿತ್ತು, ಆದರೆ ಟೀಚರಿಲ್ಲದೆ ಅದು ಇನ್ನೂ ದೂರವಾಯಿತು.

ಅಷ್ಟರಲ್ಲಿ ಶ್ರಾವಣ ಹತ್ತಿರ ಬಂತು. ಮೊದಲ ಸೋಮವಾರ ಶರಣಯ್ಯನವರ ಪಾದಪೂಜೆ ಆ ಮನೆಯ ಪದ್ಧತಿ. ಪಡಸಾಲೆಯಲ್ಲಿ ಮಣೆ ಹಾಕಿ, ಪಾದಕ್ಕೆ ನೀರೆರೆಯಬೇಕು. "ಕೆಳಗ ಒಂದು ಪ್ಲಾಸ್ಟಿಕ್ ಹಾಸಿಬಿಡೋಣ" ಎಂದ ಗಡಿಗೆಪ್ಪ.

"ಅಯ್ಯನ ಪಾದಕ್ಕ ಪ್ಲಾಸ್ಟಿಕ್ಕಾ?" ನೀಲಗಂಗಮ್ಮ ಮಗನನ್ನು ನೋಡಿದ ನೋಟಕ್ಕೆ ಗೆರೆಯ ಅವಶ್ಯಕತೆ ಇರಲಿಲ್ಲ. ಅವನು ಹಿಂದಕ್ಕೆ ಸರಿದ. ಆದರೂ ಕಾರ್ಪೆಟ್ಟು ಬಿಡಲು ಮನಸ್ಸಿಲ್ಲ. ರವಿವಾರ ಬೆಳಿಗ್ಗೆ, ಪೂಜೆಯ ಮುಂಚೆ ಅದಕ್ಕೆ ಚೆನ್ನಾಗಿ ಬ್ರಶ್ ಆಗಲೆಂದು, ಹೊಸ ಬ್ರಶ್ ತರಲು ರಾಯಚೂರಿಗೆ ಬಸ್ ಹತ್ತಿದ.

ಬಸ್ಸು ಹೋದ ಸದ್ದು ಕೇಳಿದ್ದೇ ನೀಲಗಂಗಮ್ಮ ಸೀರೆ ಎತ್ತಿ ಕಟ್ಟಿಕೊಂಡಳು. ಬಾವಿಯಿಂದ ಕೊಡ ತುಂಬಿ ತಂದು ಪಡಸಾಲೆಯ ಬಾಗಿಲಲ್ಲಿ ನಿಂತಳು.

"ಅತ್ತಿ!"

"ನಾ ಈ ಮನಿಗೆ ಬಂದಾಗಿಂದ ನೆಲ ತೊಳೀದ ಶ್ರಾವಣ ಬಂದಿಲ್ಲ. ಅಡ್ಡ ಬರಬ್ಯಾಡ" ಎಂದವಳೇ ಕೊಡ ಬೋರಲು ಹಾಕಿದಳು. ನೀರು ಕಾರ್ಪೆಟ್ಟಿನ ಮೇಲೆ ಹರಿಯಲಿಲ್ಲ. ಗುಟುಕು ಗುಟುಕಾಗಿ ಒಳಗಿಳಿಯಿತು. ಕಂದು ಬಣ್ಣ ಕಪ್ಪಾಯಿತು.

ಒಂದು ಕೊಡಕ್ಕೆ ಏನೂ ಆಗುತ್ತಿರಲಿಲ್ಲ. ಒಣ ಅರಿವೆ ಇಟ್ಟು ಒತ್ತಿದ್ದರೆ, ಬಿಸಿಲಿಗೆ ಕಿಟಕಿ ತೆರೆದಿದ್ದರೆ, ಸಂಜೆಯೊಳಗೆ ಒಣಗುತ್ತಿತ್ತು. ಮೌಲಾಹುಸೇನ ಹೇಳಿದ್ದೆಲ್ಲ ಹಂಪಮ್ಮನಿಗೆ ನೆನಪಿತ್ತು. ಅವಳು ಒಂದು ಕ್ಷಣ ಅತ್ತೆಯನ್ನು ನೋಡುತ್ತ ನಿಂತಳು. ಆಮೇಲೆ ಹಿತ್ತಿಲಿಗೆ ಹೋದಳು. ಎರಡನೆಯ ಕೊಡ ಅವಳೇ ತಂದು ಹೊಯ್ದಳು. ಮೂರನೆಯದನ್ನೂ.

ನೀಲಗಂಗಮ್ಮನಿಗೆ ಆಶ್ಚರ್ಯ. "ಇಷ್ಟು ದಿನಕ್ಕ ಒಂದು ಸೊಸಿ ಆದಿ ನೋಡು" ಎಂದು ಅವಳ ಬೆನ್ನು ಸವರಿದಳು. ಅತ್ತೆ ಬೆನ್ನು ಸವರಿದ್ದು ಅದೇ ಮೊದಲು. ಇವತ್ತೇ ಸವರಬೇಕೇ ಎಂದುಕೊಂಡು ಹಂಪಮ್ಮ ಖಾಲಿ ಕೊಡ ಎತ್ತಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಅಂಟು ಬಿಟ್ಟು, ನೆನೆದ ಹೊಟ್ಟಿನ ವಾಸನೆ ಎದ್ದಿತು. ಸುಂಕಪ್ಪ ಮತ್ತು ಇನ್ನಿಬ್ಬರು ಹಮಾಲರು ಕಾರ್ಪೆಟ್ಟನ್ನು ಸುತ್ತಿ, ಹೆಗಲ ಮೇಲೆ ಹೊತ್ತು, ನೆಲ್ಲು ಒಣಗಿಸುವ ಅಂಗಳಕ್ಕೆ ಒಯ್ದು ಹರವಿದರು. "ಚೀಲಕ್ಕಿಂತ ಭಾರ ಅದ್ರಿ ಯವ್ವಾ" ಎಂದ ಸುಂಕಪ್ಪ, ಮುಖದಲ್ಲಿ ನಗು ಕಾಣದಂತೆ ಎಚ್ಚರವಹಿಸಿ. ಹಂಪಮ್ಮ ಅವನನ್ನು ಬದಿಗೆ ಕರೆದು ಹೇಳಿದಳು: "ಗೋಪಮ್ಮ ಟೀಚರ ಮನಿಗೆ ಹೋಗಿ ಹೇಳು. ಕಾರ್ಪೆಟ್ಟು ತಗದೀವಿ, ಜಾಗ ಆಗ್ಯದ, ಬರ್ರಿ ಅಂತ."

ಕಲ್ಲನ್ನು ತಿಕ್ಕಿ ತೊಳೆದಾಗ ಸಂದುಗಳು ಹಿಂದೆಂದಿಗಿಂತ ಕಪ್ಪಾಗಿ ಎದ್ದು ಕಂಡವು. ನೀಲಗಂಗಮ್ಮ ತೂಗುಮಂಚ ಹತ್ತಿ, ಎಲೆಯ ಡಬ್ಬಿ ತೆರೆದು, ರಾಜ್ಯ ಮರಳಿ ಪಡೆದವಳಂತೆ ಕೂತಳು. ಸಂಜೆ ಬಂದ ಗಡಿಗೆಪ್ಪ ಕೈಯಲ್ಲಿ ಹೊಸ ಬ್ರಶ್ ಹಿಡಿದು ಅಂಗಳದಲ್ಲೇ ನಿಂತುಬಿಟ್ಟ. ಕಾರ್ಪೆಟ್ಟಿನ ಮೇಲೆ ಗುಬ್ಬಿಗಳು ಇಳಿದು ನಾರಿನಲ್ಲಿ ಉಳಿದ ಕಾಳು ಹೆಕ್ಕುತ್ತಿದ್ದವು. ಅವನು ಯಾರನ್ನೂ ಬೈಯಲಿಲ್ಲ. ಒಳಗೆ ಬಂದು ಕಂಬಕ್ಕೆ ಒರಗಿ ಕೂತ.

ಆಗ ಗೋಪಮ್ಮ ಬಂದಳು. ಹೊಸ್ತಿಲು ದಾಟಿ, ಮೊದಲ ಸಾಲಿನ ಮೇಲೆ ನಿಂತಳು. ನೀಲಗಂಗಮ್ಮ ಕಾಲು ನೋಡಿದಳು.

ಹಂಪಮ್ಮ ಅಡಿಗೆಮನೆಯ ಬಾಗಿಲಿನಿಂದ ಹೊರಟಳು. ಪಡಸಾಲೆ ಅಷ್ಟು ಉದ್ದವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ತೂಗುಮಂಚ ದಾಟಿದಳು, ಕಂಬ ದಾಟಿದಳು. ಗೋಪಮ್ಮನ ಕೈ ಹಿಡಿದಳು.

"ಒಳಗ ಬರ್ರಿ ಟೀಚರ" ಎಂದಳು. ದನಿ ಮೊದಲು ಸೀಳಿ, ಆಮೇಲೆ ಸರಿಯಾಯಿತು. "ಅತ್ತಿ, ಇವ್ರು ಇಲ್ಲೇ ನನ್ನ ಬಾಜು ಕೂಡ್ತಾರ. ಇವತ್ತೂ, ನಾಳೀನೂ."

ತೂಗುಮಂಚದ ಸರಪಳಿ ಕಿರುಗುಟ್ಟುವುದು ನಿಂತಿತು.

"ಇಷ್ಟು ವರ್ಷ ಬಾಯಿ ಇರಲಿಲ್ಲಲ್ಲ ನಿನಗ?"

"ಇತ್ರಿ ಅತ್ತಿ."

"ಮುಂಜಾನಿ ನೀರು ಹೊಯ್ದಿದ್ದು ಇದಕ್ಕೇನು?"

"ಹೌದ್ರಿ."

ನೀಲಗಂಗಮ್ಮ ಮಗನ ಕಡೆ ತಿರುಗಿದಳು. ಅವನು ಏನಾದರೂ ಅನ್ನಬೇಕಿತ್ತು. ಗಡಿಗೆಪ್ಪ ತನ್ನ ದುಃಖದಿಂದ ತಲೆಯೆತ್ತಿ, "ಕಲ್ಲು ಹಸಿ ಅದ ಹಂಪಿ, ತಂಡಿ ಹತ್ತೀತು. ಟೀಚರಮ್ಮಗ ಜಮಖಾನಿ ಹಾಸು" ಎಂದಷ್ಟೇ ಅಂದ. ಒಂದು ತಿಂಗಳು ದಿನಾ ಒಳಗೆ ಕರೆದು ಕರೆದು ಅವನ ಬಾಯಿಗೆ ಅದೇ ರೂಢಿಯಾಗಿತ್ತು.

ಹಂಪಮ್ಮ ಎರಡು ಸ್ಟೀಲಿನ ಲೋಟದಲ್ಲಿ ಚಹಾ ತಂದಳು. ಎರಡೂ ಅಡಿಗೆಮನೆಯ ಒಂದೇ ಸಾಲಿನ ಲೋಟಗಳು. ನೀಲಗಂಗಮ್ಮ ಅದನ್ನೂ ನೋಡಿದಳು. ಎದ್ದು ಹೋಗಲೆಂದು ಎಲೆಯ ಡಬ್ಬಿ ಮುಚ್ಚಿ, ಒಂದು ಕಾಲು ಕೆಳಗೂ ಇಟ್ಟಳು.

ಗೋಪಮ್ಮ ಚಹಾ ಕುಡಿದು ಲೋಟ ಕೆಳಗಿಟ್ಟು ಹಂಪಮ್ಮನ ಪಾಟಿ ನೋಡಿದಳು. ನೋಡುತ್ತ ನೋಡುತ್ತ ಹುಬ್ಬು ಗಂಟಾಯಿತು. ಕಾರ್ಪೆಟ್ಟಿನ ಮೇಲೆ ಕೂತಷ್ಟು ದಿನ ಅವಳು ಒಮ್ಮೆಯೂ ದನಿ ಎತ್ತಿದವಳಲ್ಲ; ಅತಿಥಿಯಾಗಿ ಕಲಿಸಿದ್ದಳು. ಈಗ ಬಳಪದಿಂದ ಪಾಟಿಯ ಮೇಲೆ ಟಕಟಕ ಕುಟ್ಟಿದಳು.

"ಇದೇನಿದು? ಈ ಕಡಿಂದ ಆ ಕಡಿಗೆ ಒಯ್ದಾಗ ಕೂಡೋದು ಕಳಿಯೋದಾಗ್ತದ ಅಂತ ಎಷ್ಟು ಸಲ ಹೇಳೀನಿ? ನಾ ನಾಲ್ಕು ದಿನ ಬರದಿದ್ರ ಎಲ್ಲಾ ಗಾಳಿಗೆ ಬಿಟ್ರೇನು? ಒರೆಸ್ರಿ! ಮೊದಲಿಂದ ಮಾಡ್ರಿ!"

ಹಂಪಮ್ಮ ಬೆಚ್ಚಿ, ಸೆರಗಿನಿಂದ ಪಾಟಿ ಒರೆಸಿದಳು. ಕಣ್ಣಲ್ಲಿ ನೀರು ಬಂತು. ಇಷ್ಟು ಸುಖದ ಬೈಗುಳ ಅವಳು ಏಳನೆಯ ಇಯತ್ತೆಯ ನಂತರ ತಿಂದಿರಲಿಲ್ಲ.

ಕೆಳಗಿಟ್ಟ ಕಾಲನ್ನು ನೀಲಗಂಗಮ್ಮ ನಿಧಾನವಾಗಿ ಮೇಲಕ್ಕೆ ಎಳೆದುಕೊಂಡಿದ್ದಳು. ಮುಚ್ಚಿದ ಡಬ್ಬಿ ತೆರೆದಿತ್ತು. ಸೊಸೆ ತಲೆ ತಗ್ಗಿಸಿ ಬೈಸಿಕೊಳ್ಳುವುದನ್ನು ಆಕೆ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು.

"ಮತ್ತ ತಪ್ಪು!" ಎಂದಳು ಗೋಪಮ್ಮ.

"ಅಕಿ ತಲಿಗೆ ಒಂದು ಮಾತಿಗೆ ಹತ್ತಂಗಿಲ್ಲವ್ವ," ಎಂದಳು ನೀಲಗಂಗಮ್ಮ, ಎಲೆಗೆ ಸುಣ್ಣ ಹಚ್ಚುತ್ತ. "ಇನ್ನೊಂದೀಟು ಜೋರಾಗಿ ಬೈ. ನಾಳಿ ಲಗೂನ ಬಾ, ಹೊತ್ತಾಗಿ ಬರಬ್ಯಾಡ."